ಆ ದೇವರಿಗೆ ಎಡೆ ಇಡುತ್ತಿದ್ದವರು ಯಾರು?

ನಿಮ್ಮ ಪತ್ರವನ್ನೂ ಜೊತೆಗಿದ್ದ ಕಾದಂಬರಿಯ ಮೂರು ಅಧ್ಯಾಯಗಳನ್ನೂ ಓದಿದೆವು. ಏಳು ಮೃತ್ಯುದೇವತೆಗಳನ್ನು ಪೂಜಿಸುತ್ತಿದ್ದ ರಾಜ್ಯವೊಂದು ಐನೂರು ವರ್ಷಗಳ ಹಿಂದೆ ಒಂದೇ ರಾತ್ರಿಯಲ್ಲಿ ಅಳಿದಿದೆ, ಈಗ ಕಾಡಿನ ನಡುವೆ ಕಪ್ಪು ಕಲ್ಲಿನ ಗುಡಿಗಳಷ್ಟೇ ಉಳಿದಿವೆ. ‘ಆದರೂ ಈ ಹಾಳೂರು ನಾಟಕದ ಪರದೆಯ ಹಾಗೆ ಕಾಣುತ್ತದೆ, ಏನು ಕಡಿಮೆಯಾಗಿದೆ?’ ಎಂದು ಕೇಳಿದ್ದೀರಿ.

ಎಡೆಯ ಲೆಕ್ಕ ಕಡಿಮೆಯಾಗಿದೆ. ಏಳು ದೇವರಿಗೆ ನಿತ್ಯ ನೈವೇದ್ಯದ ದವಸ ಯಾವ ಹೊಲದಿಂದ ಬರುತ್ತಿತ್ತು, ಗೋರಿ ಕೊರೆಯುವವರಿಗೆ ಕೂಲಿ ಯಾರು ಕೊಡುತ್ತಿದ್ದರು ಎಂಬುದು ಎಲ್ಲೂ ಇಲ್ಲ. ಸಾವಿನ ಪೂಜೆ ಬಹಳ ಖರ್ಚಿನ ಬಾಬತ್ತು. ಪ್ರಾಚೀನ ಈಜಿಪ್ಟಿನಲ್ಲಿ ಉಳ್ಳವರ ಶವ ಸಿದ್ಧಪಡಿಸಲು ವಾಡಿಕೆಯಂತೆ 70 ದಿನ ಹಿಡಿಯುತ್ತಿತ್ತು. ಶವ ಒಣಗಿಸುವ ನೇಟ್ರನ್ ಉಪ್ಪು, ರಾಳ, ನಾರುಬಟ್ಟೆ ಎಲ್ಲವೂ ಬೇಕು. ಸತ್ತವರ ಎಡೆ ನಿಲ್ಲದಿರಲೆಂದು ಭೂಮಿಯನ್ನೇ ಬಿಟ್ಟುಕೊಡುತ್ತಿದ್ದರು, ಆ ಹುಟ್ಟುವಳಿಯಲ್ಲಿ ಪೂಜಾರಿಗಳು ಬದುಕುತ್ತಿದ್ದರು.

ಈ ಸರಪಳಿ ಎಲ್ಲಿ ಕಡಿಯುತ್ತದೋ ಅಲ್ಲಿಂದ ಪತನ ಶುರು. ಈಜಿಪ್ಟಿನ ದೊರೆ ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ ಪಡಿ ಬರುವುದು ತಡವಾಯಿತು; ರಾಜರ ಗೋರಿ ಕೊರೆಯುವ ಕುಶಲಕರ್ಮಿಗಳು ಕೆಲಸ ಬಿಟ್ಟು ದೇವಾಲಯದ ಹಿಂದೆ ಹೋಗಿ ಕುಳಿತರು. ಅರ್ಧ ಶತಮಾನ ಕಳೆಯುವಷ್ಟರಲ್ಲಿ, ಒಂಬತ್ತನೇ ರಾಮ್ಸೆಸ್‌ನ ಕಾಲಕ್ಕೆ, ಗೋರಿಗಳ್ಳರ ವಿಚಾರಣೆ ನಡೆಯುತ್ತಿತ್ತು. ಅಮುನ್ ದೇವಾಲಯಕ್ಕೆ ಸೇರಿದ ಕಲ್ಲುಕುಟಿಗನೊಬ್ಬ ಕೊಟ್ಟ ಹೇಳಿಕೆ ಉಳಿದಿದೆ: ತಾಮ್ರದ ಉಳಿಯಿಂದ ಗೋರಿ ಕೊರೆದು, ರಾಜ ರಾಣಿಯರ ಮೈಮೇಲಿನ ಚಿನ್ನ ಬಿಡಿಸಿಕೊಂಡು, ಶವಪೆಟ್ಟಿಗೆಗಳಿಗೆ ಬೆಂಕಿ ಇಟ್ಟರು. ನಿಮ್ಮ ‘ಒಂದೇ ರಾತ್ರಿ’ಗಿಂತ ಇದು ಭಯಂಕರ. ದೇವರ ಮನೆಯ ಆಳೇ ಒಳದಾರಿ ಬಲ್ಲವನು.

ಇನ್ನು ಹಾಳಿನ ವಿಷಯ. ನಿಮ್ಮ ನಾಯಕಿ ಮರದ ಬಾಗಿಲನ್ನು ತಳ್ಳಿ ಒಳಗೆ ಹೋಗುತ್ತಾಳೆ, ರೇಷ್ಮೆ ಪರದೆ ಅಲುಗುತ್ತದೆ. ಮಳೆಕಾಡಿನಲ್ಲಿ ಐನೂರು ವರ್ಷಕ್ಕೆ ಇವೆರಡೂ ಮಣ್ಣು. ಮೊದಲು ಹೋಗುವುದು ಚಾವಣಿ: ತೊಲೆ ಕೊಳೆತು ಕುಸಿಯುತ್ತದೆ, ಗೋಡೆಯ ನೆತ್ತಿಗೆ ನೀರಿಳಿಯುತ್ತದೆ, ಸಂದಿಯಲ್ಲಿ ಬೇರು ಕೂರುತ್ತದೆ. ಕಲ್ಲುಗಳನ್ನು ಕಬ್ಬಿಣದ ಕೊಂಡಿಯಿಂದ ಬಿಗಿದಿದ್ದರೆ, ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಅದಕ್ಕೇ ಪ್ರಾಚೀನ ಗ್ರೀಕರು ಕೊಂಡಿಯ ಸುತ್ತ ಸೀಸ ಎರೆಯುತ್ತಿದ್ದರು. ಆ ಸೀಸಕ್ಕಾಗಿ ಯಾರಾದರೂ ಗೋಡೆ ಅಗೆದಿರಲಿ, ಗುಳಿಗಳು ಕಾಣಲಿ. ಮಡಕೆ ಚೂರು ಮತ್ತು ಚಿನ್ನ ಕೆಡುವುದಿಲ್ಲ. ಚಿನ್ನವನ್ನು ಯಾರೂ ಬಿಟ್ಟಿರುವುದಿಲ್ಲ.

ಕಪ್ಪು ಕಲ್ಲೇ ಉಳಿದದ್ದಕ್ಕೆ ಒಳ್ಳೆಯ ಕಾರಣವೂ ಇದೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಗಾರೆಯ ಸುಣ್ಣವಾಗುತ್ತದೆ, ಕಪ್ಪು ಬಸಾಲ್ಟ್ ಕಲ್ಲು ಆಗುವುದಿಲ್ಲ. ಹಾಗಾಗಿ ಬಿಳಿ ವಿಗ್ರಹಗಳೆಲ್ಲ ಭಟ್ಟಿಗೆ ಹೋದವು, ಕಪ್ಪು ಗುಡಿಗಳು ನಿಂತವು. ಗುಡಿಯ ಪಕ್ಕದಲ್ಲೊಂದು ಸುಣ್ಣದ ಭಟ್ಟಿ ಇಡಿ, ಅದರ ಬಾಯಲ್ಲಿ ಅರೆಬೆಂದ ದೇವತೆಯ ಕೈಬೆರಳುಗಳಿರಲಿ.

ಏಳು ದೇವತೆಗಳು ಹೆಚ್ಚಾದವು, ಎಲ್ಲರದ್ದೂ ಒಂದೇ ಕೆಲಸ. ಈಜಿಪ್ಟಿನ ಒಸಿರಿಸ್ ಸತ್ತವರ ಒಡೆಯನೂ ಹೌದು, ಮೊಳಕೆಯೊಡೆಯುವ ಧಾನ್ಯದ ದೇವರೂ ಹೌದು. ಅವನ ಆಕಾರದ ಅಚ್ಚಿನಲ್ಲಿ ಮಣ್ಣು ತುಂಬಿ ಕಾಳು ಬಿತ್ತುತ್ತಿದ್ದರು. ಇಂಥ ಎರಡನೇ ಹೊಣೆ ಇಲ್ಲದ ದೇವತೆಯನ್ನು ತೆಗೆದುಹಾಕಿ. ಮೂವರು ಉಳಿದರೂ ಸಾಕು. ಆಮೇಲೆ ಆ ಮೂವರ ಹೊಲ, ಪಡಿ, ಪೂಜಾರಿಗಳ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು, ಮೂರನೇ ಅಧ್ಯಾಯ ತಿದ್ದಿ ಕಳಿಸಿ.

— ಸಂಪಾದಕರು