ಸದ್ದಿಲ್ಲದೆ ನಗಿಸುವ ಚಿತ್ರಗಳು

ಪ್ರಶ್ನೆ: ಮನೆಯಲ್ಲೇ ಕೂತು ನೋಡಲು, ಅಷ್ಟಾಗಿ ಯಾರೂ ಹೆಸರೆತ್ತದ ಹಾಸ್ಯ ಅಥವಾ ಭಾವಪ್ರಧಾನ ಚಿತ್ರಗಳನ್ನು ತಿಳಿಸಿ. ತುಂಬಾ ಉದ್ದ ಬೇಡ.

ಉತ್ತರ: ಮೊದಲು ‘ದಿ ಬ್ಯಾಂಡ್ಸ್ ವಿಸಿಟ್’ (2007) ನೋಡಿ. ಒಂದೂವರೆ ಗಂಟೆಯೂ ಇಲ್ಲ. ಈಜಿಪ್ಟಿನ ಪೊಲೀಸ್ ವಾದ್ಯವೃಂದವೊಂದು ಇಸ್ರೇಲಿಗೆ ಬಂದು ಊರು ತಪ್ಪುತ್ತದೆ. ಹೋಗಬೇಕಾದದ್ದು ಪೆತಾಹ್ ಟಿಕ್ವಾಗೆ, ಇಳಿದದ್ದು ಬೇತ್ ಹತಿಕ್ವಾದಲ್ಲಿ. ಅರಬ್ಬಿಯಲ್ಲಿ ‘ಪ’ ಇಲ್ಲ, ಬಾಯಲ್ಲಿ ಅದು ‘ಬ’ ಆಗಿಬಿಡುತ್ತದೆ. ಇಡೀ ಎಡವಟ್ಟಿನ ಬೇರು ಆ ಒಂದಕ್ಷರ. ಹಾಗಾಗಿ ಡಬ್ ಆದ ಪ್ರತಿ ಬೇಡವೇ ಬೇಡ. ಇಲ್ಲಿ ಅರಬ್ಬಿಯವರೂ ಹೀಬ್ರೂನವರೂ ಹರುಕುಮುರುಕು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಎಲ್ಲರಿಗೂ ಒಂದೇ ಭಾಷೆ ಹಚ್ಚಿದರೆ ಆ ತಡವರಿಕೆಯೇ ಮಾಯ, ಜೊತೆಗೆ ನಗುವೂ. ಆಡಿಯೋದಲ್ಲಿ ಮೂಲ ಭಾಷೆ ಆರಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ.

ಇದು ಹಿಡಿಸಿದರೆ ನಾರ್ವೆಯ ‘ಕಿಚನ್ ಸ್ಟೋರೀಸ್’ (2003). ಒಂಟಿ ಗಂಡಸೊಬ್ಬನ ಅಡುಗೆಮನೆಯ ಮೂಲೆಯಲ್ಲಿ ಎತ್ತರದ ಕುರ್ಚಿ. ಅದರ ಮೇಲೆ ಕೂತ ಸ್ವೀಡನ್ನಿನ ಸಂಶೋಧಕ ಅವನ ಓಡಾಟವನ್ನೆಲ್ಲ ಬರೆದುಕೊಳ್ಳಬೇಕು, ಆದರೆ ಮಾತಾಡುವಂತಿಲ್ಲ! ನಿಧಾನಗತಿಯ ಚಿತ್ರ, ಫೋನ್ ಪಕ್ಕಕ್ಕಿಡಿ.

ಗಂಭೀರವಾದದ್ದೇ ಬೇಕೆಂದರೆ ‘ದಿ ಸ್ಟೇಷನ್ ಏಜೆಂಟ್’ (2003). ಹುಡುಕುವಾಗ ಹೆಸರಿನ ಜೊತೆ ಇಸವಿ, ನಿರ್ದೇಶಕರ ಹೆಸರನ್ನೂ ಹಾಕಿ. ಒಂದೇ ಹೆಸರಿನ ಚಿತ್ರಗಳು ಬೇಕಾದಷ್ಟಿರುತ್ತವೆ.