ಗಲ್ಫ್ ಅರಬರಲ್ಲಿ ಸಕ್ಕರೆ ಕಾಯಿಲೆ ಇಷ್ಟೊಂದು ಏಕೆ? ಖರ್ಜೂರ, ಮಾಂಸ ಕಾರಣವೇ?

ಖರ್ಜೂರ, ಮಾಂಸ ತಿಂದೇ ಕುವೈತ್ ಕಡೆಯವರಿಗೆ ಸಕ್ಕರೆ ಕಾಯಿಲೆ ಬರುತ್ತದೆಯೇ ಎಂದು ಕೇಳಿದ್ದೀರಿ. ಖರ್ಜೂರದ ಮೇಲೆ ತಪ್ಪು ಹೊರಿಸುವುದು ಅನ್ಯಾಯ ಅನ್ನುತ್ತೇನೆ. ಕಾಯಿಲೆ ಹೆಚ್ಚಿರುವುದಂತೂ ನಿಜ: ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಲ್ಲಿ ಕುವೈತಿನ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇತ್ತು.

ಆದರೆ ಖರ್ಜೂರ, ಅನ್ನ, ಮೀನು, ಕುರಿಮಾಂಸ ಎಲ್ಲವೂ ತೈಲಕ್ಕೆ ಮೊದಲೇ ಅಲ್ಲಿದ್ದವು. ಕುವೈತಿನಲ್ಲಿ ತೈಲ ಸಿಕ್ಕಿದ್ದು 1938ರಲ್ಲಿ, ರಫ್ತು ಶುರುವಾದದ್ದು 1946ರಲ್ಲಿ. ಅದಕ್ಕೂ ಮುಂಚೆ ಕರಾವಳಿಯ ಗಂಡಸರು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುತ್ತು ಹುಡುಕುವ ದೋಣಿಗಳಲ್ಲೇ ಇರುತ್ತಿದ್ದರು. ಬೆಳಿಗ್ಗೆ ಒಂದಿಷ್ಟು ಖರ್ಜೂರ, ಕಾಫಿ. ಹಗಲೆಲ್ಲ ಕಡಲಿಗೆ ಧುಮುಕಿ, ಕತ್ತಲಾದ ಮೇಲೆ ಅನ್ನ, ಮೀನು. ಇಡೀ ಕುರಿ ಬೇಯುತ್ತಿದ್ದುದು ಮದುವೆಗೋ, ನೆಂಟರು ಬಂದಾಗಲೋ. ಈಗ ಆ ನೆಂಟರೂಟವೇ ದಿನದ ಊಟ. ಮೈಮುರಿಯುವ ದುಡಿಮೆ ಹೋಯಿತು; ಸುಡುಬಿಸಿಲಿನಿಂದಾಗಿ ಏಸಿ ಮನೆಯಿಂದ ಏಸಿ ಕಾರಿಗೆ ಹತ್ತಿದರೆ ದಿನ ಮುಗಿಯಿತು.

ಮಚ್‌ಬೂಸನ್ನೇ ನೋಡಿ. ಮಾಂಸ ಬೇಯಿಸಿದ ಸಾರಿನಲ್ಲೇ ಬಾಸ್ಮತಿ ಅಕ್ಕಿ, ಒಣಗಿಸಿದ ನಿಂಬೆ, ಮಸಾಲೆ ಹಾಕಿ ಮಾಡುತ್ತಾರೆ. ಸಾರಿನ ಕೊಬ್ಬೆಲ್ಲ ಅನ್ನಕ್ಕಿಳಿಯುತ್ತದೆ. ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಕೈಯಲ್ಲಿ ತಿನ್ನುವಾಗ ಎಷ್ಟು ಹೊಟ್ಟೆಗೆ ಹೋಯಿತೆಂದು ಲೆಕ್ಕ ಸಿಗುವುದಿಲ್ಲ, ಮೇಲೆ ಉಪಚಾರದ ಒತ್ತಾಯ ಬೇರೆ. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್. ಮೂರು ಕಪ್ ಆದರೆ 135. ತಟ್ಟೆಯಲ್ಲಿ ತಮ್ಮ ಪಾಲಿಗೆ ಮೊದಲೇ ಗೆರೆ ಎಳೆದುಕೊಂಡು, ಸಲಾಡ್ ಮೊದಲು ತಿನ್ನುವುದು ಕೆಲಸಕ್ಕೆ ಬರುವ ಉಪಾಯ. ಒಳನಾಡಿನ ಜರೀಶ್, ಅಂದರೆ ಮಜ್ಜಿಗೆಯಲ್ಲಿ ಬೇಯಿಸಿದ ಗೋಧಿ ನುಚ್ಚು, ತುಪ್ಪ ಮಿತವಾಗಿದ್ದರೆ ನುಣ್ಣನೆಯ ಬಿಳಿ ಅನ್ನಕ್ಕಿಂತ ಎಷ್ಟೋ ಮೇಲು.

ನನ್ನ ಪ್ರಕಾರ ಹೆಚ್ಚು ಕೆಡಿಸಿದ್ದು ಕುಡಿಯುವ ಸಕ್ಕರೆ. ಹಳೆಯ ಗಹ್ವಾ ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಾಫಿ; ಚಿಕ್ಕ ಬಟ್ಟಲಿನಲ್ಲಿ ಒಂದೆರಡು ಗುಟುಕು, ಸಿಹಿಗೆ ಜೊತೆಗೊಂದು ಖರ್ಜೂರ. ಈಗಿನ 330 ಮಿಲೀ ಕೋಲಾ ಕ್ಯಾನಿನಲ್ಲಾದರೋ ಸುಮಾರು 35 ಗ್ರಾಂ, ಅಂದರೆ ಏಳು ಚಮಚ ಸಕ್ಕರೆ. ಸೌದಿ 2017ರ ಜೂನ್‌ನಲ್ಲಿ ಸೋಡಾ ಪಾನೀಯಗಳಿಗೆ 50%, ಎನರ್ಜಿ ಡ್ರಿಂಕ್‌ಗೆ 100% ತೆರಿಗೆ ಹಾಕಿತು. ಒಳ್ಳೆಯ ಹೆಜ್ಜೆಯೇ. ಆದರೆ ಅಂಗಡಿಯಲ್ಲಿ ಕುದಿಸಿ ಕೊಡುವ ಕರಕ್ ಚಹಾ ಅದಕ್ಕೆ ಸಿಗುವುದಿಲ್ಲ. ಕರಕ್ ಅಂದರೆ ನಮ್ಮ ‘ಕಡಕ್’ ಚಹಾನೇ, ನಮ್ಮವರ ಜೊತೆಗೇ ಅಲ್ಲಿಗೆ ಹೋದದ್ದು. ಲೋಟಕ್ಕೆ ಮೂರು ಚಮಚದಂತೆ ದಿನಕ್ಕೆ ನಾಲ್ಕು ಕುಡಿದರೆ 60 ಗ್ರಾಂ ಸಕ್ಕರೆ. ಗಲ್ಫ್‌ನಲ್ಲಿರುವ ಕನ್ನಡಿಗರಿಗೂ ಇದನ್ನೇ ಹೇಳುತ್ತೇನೆ: ಚಹಾ ಬಿಡಬೇಡಿ, ಸಕ್ಕರೆ ಬೇರೆಯಾಗಿ ಕೇಳಿ. ಕರಕ್‌ಗೆ ಹಾಕುವ ಇವಾಪರೇಟೆಡ್ (ನೀರಿನಂಶ ಇಳಿಸಿದ, ಡಬ್ಬಿಯ) ಹಾಲು ಸಿಹಿಯಲ್ಲ. ಕಂಡೆನ್ಸ್ಡ್ ಹಾಲು ಹಾಕಿದ್ದರೆ ಮಾತ್ರ ಸಕ್ಕರೆ ಅದರೊಳಗೇ ಇರುತ್ತದೆ, ಬೇರೆ ಮಾಡಲಾಗುವುದಿಲ್ಲ.

ಖರ್ಜೂರದ ಲೆಕ್ಕವೂ ತಳಿಯ ಮೇಲಿದೆ. ದಪ್ಪ ಮೆಜ್ದೂಲ್ ಒಂದರಲ್ಲೇ 16 ಗ್ರಾಂ ಸಕ್ಕರೆ. ಸಣ್ಣ ತಳಿಯದಾದರೆ ಅದರ ಮೂರನೇ ಒಂದು ಪಾಲು. ‘ಮೂರು ಖರ್ಜೂರ’ ಅನ್ನುವಾಗ ಯಾವುದು ಎಂಬುದು ಮುಖ್ಯ.

ರಂಜಾನ್‌ನಲ್ಲಿ ಹೆಚ್ಚಿನವರಿಗೆ ಎಡವಟ್ಟಾಗುವುದು ಉಪವಾಸದಿಂದಲ್ಲ, ಬಿಟ್ಟ ಮೇಲಿನ ಊಟದಿಂದ: ಶರಬತ್ತು, ಎಣ್ಣೆಯ ಸಂಬೂಸಾ, ಪಾಕ ಸುರಿದ ಕರಿದ ಹಿಟ್ಟಿನುಂಡೆ ಲುಕೈಮಾತ್, ಮತ್ತೆ ತಡರಾತ್ರಿ ಅನ್ನ. ಖರ್ಜೂರ, ನೀರು, ಬೇಳೆ ಶೋರ್ಬಾದಿಂದ (ಸೂಪ್) ಉಪವಾಸ ಬಿಟ್ಟು, ನಮಾಜಾದ ಮೇಲೆ ಊಟಕ್ಕೆ ಕೂತರೆ ಹಸಿವು ತಣ್ಣಗಾಗಿರುತ್ತದೆ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಉಪವಾಸ ಶುರುವಾಗುವ ವಾರಗಳ ಮೊದಲೇ ವೈದ್ಯರಲ್ಲಿ ಡೋಸ್ ಬದಲಿಸಿಕೊಳ್ಳಬೇಕು. ಹಗಲಿನಲ್ಲಿ ರಕ್ತದ ಸಕ್ಕರೆ (mg/dL ಲೆಕ್ಕದಲ್ಲಿ) 70ಕ್ಕಿಂತ ಕೆಳಗಿಳಿದರೂ 300 ದಾಟಿದರೂ ಸಂಜೆಗೆ ಕಾಯದೆ ಆ ಕ್ಷಣವೇ ಉಪವಾಸ ಬಿಡಬೇಕು.