ಇಂಟೆಲ್ ಮ್ಯಾಕ್ ಕೊಳ್ಳಬೇಕೇ, ಕಾಯಬೇಕೇ?

ಬಳಸಿದ ಇಂಟೆಲ್ ಮ್ಯಾಕ್ ಅಗ್ಗವಾಗಿ ಸಿಗುತ್ತಿರುವಾಗ ಅದನ್ನೇ ಕೊಳ್ಳುವುದೋ, ಕೆಲವು ತಿಂಗಳು ಕಾದು ಹಣ ಕೂಡಿಸಿ ಆಪಲ್‌ನ ಸ್ವಂತ ಚಿಪ್ ಇರುವುದನ್ನು ಕೊಳ್ಳುವುದೋ ಎಂದು ಕೇಳಿದ್ದೀರಿ. ನಿಮ್ಮ ಹಳೆಯ ಮ್ಯಾಕ್ ಇನ್ನೂ ಕೆಲಸಕ್ಕೆ ಬರುತ್ತಿದ್ದರೆ ದಯವಿಟ್ಟು ಕಾಯಿರಿ.

ಮ್ಯಾಕ್‌ಗಳಲ್ಲಿ ಪವರ್‌ಪಿಸಿ ಎಂಬ ಹಳೆಯ ಚಿಪ್‌ನಿಂದ ಇಂಟೆಲ್ ಚಿಪ್‌ಗೆ ಬದಲಾಗುವುದಾಗಿ ಆಪಲ್ 2005ರ ಜೂನ್‌ನಲ್ಲಿ ಘೋಷಿಸಿತು. ಆ ನಂತರವೂ ಪವರ್‌ಪಿಸಿ ಯಂತ್ರ ಕೊಂಡವರಿಗೆ 2009ರಲ್ಲಿ ಬಂದ ಸ್ನೋ ಲೆಪರ್ಡ್ ಎಂಬ ಕಾರ್ಯಾಚರಣಾ ವ್ಯವಸ್ಥೆ (ಮ್ಯಾಕ್ ನಡೆಸುವ ಮೂಲ ತಂತ್ರಾಂಶ) ದಕ್ಕಲೇ ಇಲ್ಲ. ಈಗ ಇಂಟೆಲ್ ಮ್ಯಾಕ್‌ಗಳ ಸರದಿ: 2025ರಲ್ಲಿ ಬಂದ ಟಾಹೋ ಅವುಗಳಿಗೆ ಸಿಗುವ ಕೊನೆಯ ಮ್ಯಾಕ್‌ಓಎಸ್, ಅದೂ ಕೆಲವೇ ಮಾದರಿಗಳಿಗೆ. ಹೀಗಿರುವಾಗ ಇಂದು ಉಳಿಸಿದ ಹಣ ನಾಳೆ ಮತ್ತೊಂದು ಯಂತ್ರಕ್ಕೇ ಹೋಗುತ್ತದೆ.

ಕಾಯುವ ಅವಧಿಯಲ್ಲಿ ಒಂದು ಕೆಲಸ ಮಾಡಿ. ನೀವು ದಿನವೂ ಬಳಸುವ ಪ್ರತಿಯೊಂದು ಆ್ಯಪ್ ಅನ್ನು ಫೈಂಡರ್‌ನಲ್ಲಿ ಆರಿಸಿ ಕಮಾಂಡ್ ಮತ್ತು ಐ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಪುಟ್ಟ ಕಿಟಕಿಯಲ್ಲಿ, 'ಕೈಂಡ್' ಎಂಬುದರ ಮುಂದೆ 'ಯೂನಿವರ್ಸಲ್' ಎಂದಿದ್ದರೆ ಅದು ಹೊಸ ಚಿಪ್‌ನಲ್ಲಿ ನೇರವಾಗಿ ನಡೆಯುತ್ತದೆ. 'ಇಂಟೆಲ್' ಎಂದಷ್ಟೇ ಇದ್ದರೆ ಹೊಸ ಆವೃತ್ತಿ ಇದೆಯೇ ಎಂದು ಹುಡುಕಿ, ಏಕೆಂದರೆ ಇಂಟೆಲ್ ಆ್ಯಪ್‌ಗಳನ್ನು ಹೊಸ ಚಿಪ್‌ನಲ್ಲಿ ನಡೆಸಿಕೊಡುವ ರೊಸೆಟ್ಟಾ ಎಂಬ ಅನುವಾದದ ಸೌಲಭ್ಯ ಶಾಶ್ವತವಲ್ಲ. ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳ ಡ್ರೈವರ್‌ಗಳನ್ನೂ ಮರೆಯಬೇಡಿ.

ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ನಡೆಸಲೇಬೇಕೆಂದಿದ್ದರೆ ಮಾತ್ರ ಇಂಟೆಲ್ ಯಂತ್ರವೇ ಬೇಕು, ಹೊಸ ಚಿಪ್‌ಗಳಲ್ಲಿ ಆ ಸೌಲಭ್ಯವಿಲ್ಲ. ಹೊಸದನ್ನು ಕೊಳ್ಳುವಾಗ ಮೆಮೊರಿಯನ್ನು ಮೊದಲೇ ಹೆಚ್ಚು ಹಾಕಿಸಿಕೊಳ್ಳಿ. ಅದು ಚಿಪ್‌ನ ಜೊತೆಗೇ ಕೂಡಿರುವುದರಿಂದ ಮುಂದೆ ಸೇರಿಸಲಾಗದು.